ಡಯಾಲಿಸಿಸ್ ಕ್ಯಾತಿಟರ್ ಕುತ್ತಿಗೆಗೇ ಏಕೆ? ಕೊರಳೆಲುಬಿನ ಕೆಳಗೆ ಹಾಕಬಾರದೇ?

ಪ್ರಶ್ನೆ (ರೋಗಿಯ ಮಗ):
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 62 ವರ್ಷ. ಮಧುಮೇಹದಿಂದ ಮೂತ್ರಪಿಂಡಗಳು ವಿಫಲವಾಗಿ, ಕಳೆದ ವಾರ ಕುತ್ತಿಗೆಯ ಬಲಭಾಗಕ್ಕೆ ತುರ್ತಾಗಿ ಕ್ಯಾತಿಟರ್ (ರಕ್ತನಾಳದೊಳಗೆ ಇಡುವ ಕೊಳವೆ) ಹಾಕಿ ಡಯಾಲಿಸಿಸ್ ಆರಂಭಿಸಿದ್ದಾರೆ. ಇನ್ನು ಅದನ್ನು ತೆಗೆದು ಹೆಚ್ಚು ಕಾಲ ಇಡಬಹುದಾದ ಪರ್ಮ್‌ಕ್ಯಾತ್ ಎಂಬ ಕ್ಯಾತಿಟರ್ ಹಾಕುವುದಾಗಿಯೂ, ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಮಾಡುವುದಾಗಿಯೂ ವೈದ್ಯರು ಹೇಳಿದ್ದಾರೆ. ಕತ್ತು ಹೊರಳಿಸಲು ಆಗದೆ ತಂದೆಯವರಿಗೆ ರಾತ್ರಿ ನಿದ್ದೆಯಿಲ್ಲ. ಐಸಿಯುನಲ್ಲಿದ್ದ ನಮ್ಮ ಸಂಬಂಧಿಕರೊಬ್ಬರಿಗೆ ಕೊರಳೆಲುಬಿನ ಕೆಳಗೆ ಹಾಕಿದ್ದರು. ಅವರು ಆರಾಮವಾಗಿ ಕತ್ತು ತಿರುಗಿಸುತ್ತಿದ್ದರು. ನಮಗೂ ಅಲ್ಲಿಯೇ ಹಾಕಿ ಎಂದು ಕೇಳಬಹುದೇ? ಮನೆಯಲ್ಲಿ ಯಾವ ಅಪಾಯಗಳ ಮೇಲೆ ಕಣ್ಣಿಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ಅರಿವಳಿಕೆ ತಜ್ಞ, ಐಸಿಯು):
ನಿಮ್ಮ ಸಂಬಂಧಿಕರಿಗೆ ಅಲ್ಲಿ ಹಾಕಿದ್ದಕ್ಕೆ ಸಕಾರಣವಿದೆ. ಐಸಿಯು ರೋಗಿಗಳಲ್ಲಿ ಕುತ್ತಿಗೆ, ತೊಡೆಸಂದು ಮತ್ತು ಕೊರಳೆಲುಬಿನ ಕೆಳಗಿನ ಸಬ್‌ಕ್ಲೇವಿಯನ್ ಅಭಿಧಮನಿ, ಈ ಮೂರನ್ನು ಹೋಲಿಸಿ ಫ್ರಾನ್ಸಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ರಕ್ತದ ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಎರಡೂ ಸಬ್‌ಕ್ಲೇವಿಯನ್‌ನಲ್ಲಿ ಕಡಿಮೆ ಇದ್ದವು. ಆದರೆ ಸೂಜಿ ಶ್ವಾಸಕೋಶದ ಹೊದಿಕೆಗೆ ತಗುಲಿ ಎದೆಯೊಳಗೆ ಗಾಳಿ ತುಂಬಿಕೊಳ್ಳುವ ನ್ಯೂಮೋಥೊರಾಕ್ಸ್ ಅಲ್ಲಿಯೇ ಹೆಚ್ಚು. ಚಿಕಿತ್ಸೆ ಬೇಕಾದಷ್ಟು ತೀವ್ರವಾದದ್ದು ಸಬ್‌ಕ್ಲೇವಿಯನ್‌ನಲ್ಲಿ ಶೇ. 1.5, ಕುತ್ತಿಗೆಯಲ್ಲಿ ಶೇ. 0.5.

ಕುತ್ತಿಗೆಯ ಅನುಕೂಲವೆಂದರೆ ಅಭಿಧಮನಿಯನ್ನು ಅಲ್ಟ್ರಾಸೌಂಡ್ ಪರದೆಯಲ್ಲಿ ಕಣ್ಣಾರೆ ನೋಡಿಕೊಂಡು ಚುಚ್ಚಬಹುದು. ಪ್ರೋಬ್ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಪಕ್ಕದ ಕೆರೋಟಿಡ್ ಅಪಧಮನಿ ಜಗ್ಗದೆ ಮಿಡಿಯುತ್ತಲೇ ಇರುತ್ತದೆ. ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ಕ್ಯಾತಿಟರ್ ಎಂಬ ಈ ಕ್ರಮವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಇಂದಿಗೂ ಅದೇ ನಡೆಯುತ್ತಿದೆ. ಅಪ್ಪಿತಪ್ಪಿ ಸಣ್ಣ ಸೂಜಿ ಅಪಧಮನಿಗೆ ಹೋದರೆ ತೆಗೆದು ಒತ್ತಿ ಹಿಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ದಪ್ಪ ಡಯಾಲಿಸಿಸ್ ಕ್ಯಾತಿಟರೇ ಅಪಧಮನಿಯೊಳಗೆ ಹೋಗಿಬಿಟ್ಟಿದ್ದರೆ ಮಾತ್ರ ಅದನ್ನು ಕಿತ್ತು ತೆಗೆಯದೆ, ಇದ್ದಲ್ಲಿಯೇ ಬಿಟ್ಟು ರಕ್ತನಾಳ ಶಸ್ತ್ರಚಿಕಿತ್ಸಕರನ್ನು ಕರೆಯಬೇಕಾಗುತ್ತದೆ.

ಉತ್ತರ 2 (ಮೂತ್ರಪಿಂಡ ತಜ್ಞೆ):
ಮೇಲಿನ ವೈದ್ಯರು ಹೇಳಿದ್ದು ಐಸಿಯು ರೋಗಿಗಳ ಮಟ್ಟಿಗೆ ಸರಿ. ಆದರೆ ಅದನ್ನು ಡಯಾಲಿಸಿಸ್ ರೋಗಿಗೆ ಹಾಗೆಯೇ ಅನ್ವಯಿಸಿದರೆ ಕೈ ಕಳೆದುಕೊಂಡಂತೆ. ಇಲ್ಲಿ ಕೈ ಎಂದರೆ ಫಿಸ್ಟುಲಾಕ್ಕಾಗಿ ಉಳಿಸಿಕೊಳ್ಳಬೇಕಾದ ಕೈ. ಸಬ್‌ಕ್ಲೇವಿಯನ್‌ನಲ್ಲಿ ದಪ್ಪ ಕ್ಯಾತಿಟರ್ ಕೆಲವು ವಾರ ಇದ್ದರೂ ಅದರ ಒಳಗೋಡೆ ಉಜ್ಜಿ, ಗಾಯವಾಗಿ, ಅಭಿಧಮನಿ ಕಿರಿದಾಗಬಹುದು. ಕ್ಯಾತಿಟರ್ ಇರುವವರೆಗೆ ಇದು ಗೊತ್ತೇ ಆಗುವುದಿಲ್ಲ. ಮುಂದೆ ಅದೇ ಕೈಯಲ್ಲಿ ಫಿಸ್ಟುಲಾ ಮಾಡಿ ರಕ್ತದ ಹರಿವು ಹಲವು ಪಟ್ಟು ಹೆಚ್ಚಾದಾಗ, ಹಿಂದಿರುಗಲು ದಾರಿ ಸಾಲದೆ ಬೆರಳಿನಿಂದ ಭುಜದವರೆಗೆ ಕೈ ಊದಿಕೊಳ್ಳುತ್ತದೆ, ಎದೆಯ ಮೇಲೆ ನೀಲಿ ನರಗಳು ಎದ್ದು ಕಾಣುತ್ತವೆ. ಆಗ ಬಲೂನು ಹಾಕಿ ಹಿಗ್ಗಿಸಬೇಕಾಗುತ್ತದೆ. ಹಿಗ್ಗಿಸಿದ್ದು ಮತ್ತೆ ಕಿರಿದಾಗುವುದೂ ಉಂಟು.

ಆದ್ದರಿಂದ ನಮ್ಮ ಮೊದಲ ಆಯ್ಕೆ ಬಲಭಾಗದ ಜುಗುಲರ್, ಅಂದರೆ ಕುತ್ತಿಗೆಯ ಅಭಿಧಮನಿ. ಅಲ್ಲಿಂದ ಹೃದಯಕ್ಕೆ ದಾರಿ ನೇರವಾಗಿದೆ. ಎಡಭಾಗದಿಂದ ಹೋಗುವಾಗ ತಿರುವುಗಳು ಹೆಚ್ಚು, ತೊಂದರೆಯೂ ಹೆಚ್ಚು. ನಿಮ್ಮ ವೈದ್ಯರು ಬಲಕ್ಕೆ ಕ್ಯಾತಿಟರ್, ಎಡಕ್ಕೆ ಫಿಸ್ಟುಲಾ ಎಂದು ನಿರ್ಧರಿಸಿರುವುದು ಒಳ್ಳೆಯ ಯೋಜನೆ. ಇವತ್ತಿನಿಂದಲೇ ಎಡಗೈಯಲ್ಲಿ ರಕ್ತ ತೆಗೆಯಲು, ಡ್ರಿಪ್ ಹಾಕಲು ಯಾರಿಗೂ ಬಿಡಬೇಡಿ. ತಂದೆಯವರ ನಿದ್ದೆಯ ಸಮಸ್ಯೆಯೂ ಪರ್ಮ್‌ಕ್ಯಾತ್‌ನಿಂದ ಬಹುಮಟ್ಟಿಗೆ ಬಗೆಹರಿಯುತ್ತದೆ. ಅದು ಒಳಗೆ ಹೋಗುವುದು ಕುತ್ತಿಗೆಯ ಅಭಿಧಮನಿಗೇ ಆದರೂ, ಚರ್ಮದಡಿಯ ಸುರಂಗದಲ್ಲಿ ಹಾದು ಎದೆಯ ಮೇಲೆ ಹೊರಬರುತ್ತದೆ. ಸುರಂಗದೊಳಗಿನ ಬಟ್ಟೆಯಂಥ ಪಟ್ಟಿಗೆ ಕೆಲವು ವಾರಗಳಲ್ಲಿ ಮಾಂಸ ಬೆಳೆದು ಅಂಟಿಕೊಳ್ಳುವುದರಿಂದ ಕ್ಯಾತಿಟರ್ ಜಾರುವುದಿಲ್ಲ, ಚರ್ಮದ ರೋಗಾಣುಗಳಿಗೂ ತಡೆಯಾಗುತ್ತದೆ. ಈಗಿರುವ ತಾತ್ಕಾಲಿಕ ಕ್ಯಾತಿಟರನ್ನು ಎರಡು ವಾರಕ್ಕಿಂತ ಹೆಚ್ಚು ಇಡುವುದು ಒಳ್ಳೆಯದಲ್ಲ.

ಉತ್ತರ 3 (ಡಯಾಲಿಸಿಸ್ ಘಟಕದ ಶುಶ್ರೂಷಕಿ):
ಕ್ಯಾತಿಟರ್ ಹಾಕುವ ದಿನ ಎಲ್ಲರೂ ಹೆದರುತ್ತಾರೆ. ನಾನು ಕಂಡಂತೆ ಹೆಚ್ಚಿನ ತೊಂದರೆ ಶುರುವಾಗುವುದು ಆಮೇಲೆ, ಎಲ್ಲರೂ ಅದಕ್ಕೆ ಒಗ್ಗಿಕೊಂಡ ಮೇಲೆ. ಡಯಾಲಿಸಿಸ್ ಆರಂಭವಾದ ಸ್ವಲ್ಪ ಹೊತ್ತಿಗೆ ಚಳಿ ನಡುಕ ಬಂದರೆ, ಕ್ಯಾತಿಟರ್‌ನೊಳಗಿನ ರೋಗಾಣುಗಳು ರಕ್ತಕ್ಕೆ ಸೇರುತ್ತಿವೆ ಎಂದೇ ನಾವು ಮೊದಲು ಅನುಮಾನಿಸುತ್ತೇವೆ. ಬ್ಯಾಂಡೇಜು ಒದ್ದೆಯಾದರೆ ಅಥವಾ ಬೆವರಿಗೆ ಎದ್ದುಬಂದರೆ ಅದೇ ದಿನ ಘಟಕಕ್ಕೆ ಬಂದು ಬದಲಾಯಿಸಿಕೊಳ್ಳಿ. ತಲೆಗೆ ಸ್ನಾನ ಮಾಡಿಸುವುದಾದರೆ ಕ್ಷೌರದಂಗಡಿಯಲ್ಲಿ ಮಾಡುವಂತೆ ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯಿರಿ, ಎದೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗಾಯದ ಬಾಯಿಗೆ ಅರಿಶಿನ, ವಿಭೂತಿ ಯಾವುದನ್ನೂ ಹಚ್ಚಬೇಡಿ.

ಎರಡು ಕೊಳವೆಗಳ ಕ್ಲಾಂಪ್ ಯಾವಾಗಲೂ ಮುಚ್ಚಿರಬೇಕು, ತುದಿಯ ಮುಚ್ಚಳ ಬಿಗಿಯಾಗಿರಬೇಕು. ಕ್ಲಾಂಪ್, ಮುಚ್ಚಳ ಎರಡೂ ತೆರೆದುಕೊಂಡು ರೋಗಿ ಕುಳಿತಿದ್ದರೆ ಉಸಿರು ಎಳೆದುಕೊಂಡಾಗ ಗಾಳಿ ನೇರವಾಗಿ ಹೃದಯಕ್ಕೆ ಹೋಗಬಹುದು. ಹಾಗಾದರೆ ಕೂಡಲೇ ಕ್ಲಾಂಪ್ ಮುಚ್ಚಿ, ತಲೆ ತಗ್ಗಿನಲ್ಲಿರುವಂತೆ ಎಡಮಗ್ಗುಲಿಗೆ ಮಲಗಿಸಿ ಆಂಬ್ಯುಲೆನ್ಸ್ ಕರೆಯಿರಿ. ಕ್ಯಾತಿಟರ್ ಪೂರ್ತಿ ಹೊರಬಂದರೆ ಮಲಗಿಸಿ, ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪರ್ಮ್‌ಕ್ಯಾತ್ ಆಗಿದ್ದರೆ ಎದೆಯ ರಂಧ್ರವನ್ನಷ್ಟೇ ಅಲ್ಲ, ಕೊರಳೆಲುಬಿನ ಮೇಲೆ ಅದು ಅಭಿಧಮನಿಗೆ ಇಳಿಯುವ ಜಾಗವನ್ನೂ ಒತ್ತಬೇಕು.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ಧನ್ಯವಾದಗಳು. ಕೊರಳೆಲುಬಿನ ಕೆಳಗೆ ಹಾಕಿ ಎಂದು ಕೇಳುವುದಿಲ್ಲ. ಒಂದು ಸಂದೇಹ ಉಳಿದಿದೆ: ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಔಷಧಿ ಅಂಗಡಿಯ ಆಂಟಿಬಯಾಟಿಕ್ ಕೊಟ್ಟು ನೋಡಬಹುದೇ?

ಉತ್ತರ 2 ಬರೆದವರು:
ಬೇಡ. ಮಾತ್ರೆ ನುಂಗಿದ ಮೇಲೆ ರಕ್ತದ ಕಲ್ಚರ್ ಮಾಡಿದರೆ ರೋಗಾಣು ಸಿಗದೇ ಹೋಗಬಹುದು. ಒಳಗಿನ ಸೋಂಕು ಮಾತ್ರ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹರಡುತ್ತಲೇ ಇರಬಹುದು. ಕ್ಯಾತಿಟರ್ ಇರುವವರೆಗೆ, ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಯಾಲಿಸಿಸ್ ಕ್ಯಾತಿಟರ್ ಇದೆ ಎಂಬುದನ್ನು ಮೊದಲು ಹೇಳಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ತುಂಬಿರುವ ಸಾಧ್ಯತೆ ಇರುವುದರಿಂದ, ತುರ್ತು ವಿಭಾಗದಲ್ಲಿ ಯಾರಾದರೂ ಅದರ ಮೂಲಕವೇ ಡ್ರಿಪ್ ಕೊಡಲು ಹೊರಟರೆ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ ಕೇಳುವಂತೆ ವಿನಂತಿಸಿಕೊಳ್ಳಿ.