ಡೆಬಿಯನ್ 12ಕ್ಕೆ ಅಪ್‌ಗ್ರೇಡ್ ಆದ ಬಳಿಕ ಟಚ್‌ಪ್ಯಾಡ್ ಲಾಗಿನ್ ಪರದೆಯಲ್ಲಿ ಮಾತ್ರ ಕೆಲಸ ಮಾಡುತ್ತಿದೆ

ಪ್ರಶ್ನೆ

ನಮಸ್ಕಾರ. ನನ್ನ ಹಳೆಯ ಲ್ಯಾಪ್‌ಟಾಪನ್ನು ಡೆಬಿಯನ್ ಲಿನಕ್ಸ್ 11ರಿಂದ 12ಕ್ಕೆ ಅಪ್‌ಗ್ರೇಡ್ ಮಾಡಿ, ಕೊನೆಯಲ್ಲಿ ಬೇಡವಾದ ಪ್ಯಾಕೇಜುಗಳನ್ನು ಆಟೋರಿಮೂವ್ ಕಮಾಂಡ್ ಕೊಟ್ಟು ತೆಗೆದೆ. ಅಂದಿನಿಂದ ಗ್ನೋಮ್ ಡೆಸ್ಕ್‌ಟಾಪ್ ಒಳಹೊಕ್ಕ ಕೂಡಲೇ ಟಚ್‌ಪ್ಯಾಡ್ ಸ್ತಬ್ಧವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಎಂಬ ಭಾಗವೇ ಕಾಣುತ್ತಿಲ್ಲ. ಯುಎಸ್‌ಬಿ ಮೌಸ್‌ಗಾಗಲಿ ಕೀಬೋರ್ಡ್‌ಗಾಗಲಿ ತೊಂದರೆಯಿಲ್ಲ. ವಿಚಿತ್ರವೆಂದರೆ, ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಅದೇ ಟಚ್‌ಪ್ಯಾಡ್ ಸರಿಯಾಗಿಯೇ ಇದೆ. ಕೆಲವು ಹಳೆಯ ತಂತ್ರಾಂಶಗಳಿಗಾಗಿ ನಾನು ಪರದೆ ಹಾಗೂ ಇನ್‌ಪುಟ್ ನಿಭಾಯಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಸೆಷನ್ ಬಳಸುತ್ತೇನೆ. ಲಿನಕ್ಸ್‌ನ ತಿರುಳಾದ ಕರ್ನಲ್ 5.10ರಿಂದ 6.1ಕ್ಕೆ ಬದಲಾದದ್ದು ಇದಕ್ಕೆ ಕಾರಣವಿರಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಕರ್ನಲ್ ಮೇಲಿನ ಅನುಮಾನವನ್ನು ಸದ್ಯಕ್ಕೆ ಬಿಡಬಹುದು. ಲಾಗಿನ್ ಪರದೆಗೂ ಡೆಸ್ಕ್‌ಟಾಪ್‌ಗೂ ಕರ್ನಲ್ ಒಂದೇ ಆಗಿರುವಾಗ, ಅಲ್ಲಿ ಓಡುವ ಟಚ್‌ಪ್ಯಾಡ್ ಇಲ್ಲಿ ಓಡುವುದಿಲ್ಲವೆಂದರೆ ತೊಡಕು ಅದಕ್ಕಿಂತ ಮೇಲಿನ ಹಂತದಲ್ಲಿದೆ. ಗ್ನೋಮ್‌ನ ಜಿಡಿಎಂ ಲಾಗಿನ್ ಪರದೆ ಸಾಮಾನ್ಯವಾಗಿ ಎಕ್ಸ್‌ಆರ್ಗ್‌ಗೆ ಬದಲಾಗಿ ಬಂದ ವೇಲ್ಯಾಂಡ್‌ನಲ್ಲಿ ನಡೆಯುತ್ತದೆ, ಅಲ್ಲಿ ಎಲ್ಲ ಇನ್‌ಪುಟ್ ಸಾಧನಗಳನ್ನೂ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಎಕ್ಸ್‌ಆರ್ಗ್‌ನಲ್ಲಾದರೋ ಯಾವ ಸಾಧನಕ್ಕೆ ಯಾವ ಡ್ರೈವರ್ ಎಂಬುದನ್ನು ಕಾನ್ಫಿಗರೇಶನ್ ಕಡತಗಳು ನಿರ್ಧರಿಸುತ್ತವೆ. ನಿಮ್ಮ ಹೋಮ್ ಫೋಲ್ಡರಿನ ಲೋಕಲ್, ಶೇರ್, ಎಕ್ಸ್‌ಆರ್ಗ್ ಎಂಬ ಹಾದಿಯಲ್ಲಿರುವ ಲಾಗ್ ಕಡತವನ್ನು ತೆರೆದು, ದೋಷ ಸೂಚಿಸುವ ಇಇ ಎಂಬ ಗುರುತಿರುವ ಸಾಲುಗಳಲ್ಲಿ ಏನಿದೆ ಎಂದು ತಿಳಿಸಿ. ಲೋಕಲ್ ಎಂಬುದು ಚುಕ್ಕೆಯಿಂದ ಆರಂಭವಾಗುವ ಅಡಗಿದ ಫೋಲ್ಡರ್.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸಿನಾಪ್ಟಿಕ್ಸ್ ಎಂಬ ಟಚ್‌ಪ್ಯಾಡ್ ಡ್ರೈವರಿನ ಮಾಡ್ಯೂಲ್ ಇಲ್ಲದ್ದರಿಂದ ಅದನ್ನು ಲೋಡ್ ಮಾಡಲಾಗಲಿಲ್ಲ ಎಂದು ಒಂದು ಸಾಲಿದೆ. ಅದರ ಕೆಳಗೇ, ಸಿನಾಪ್ಟಿಕ್ಸ್‌ಗೆ ಹೊಂದುವ ಇನ್‌ಪುಟ್ ಡ್ರೈವರ್ ಸಿಗಲಿಲ್ಲ ಎಂದಿದೆ.

ಉತ್ತರ 2

ಹಾಗಾದರೆ ಕಾರಣ ಸಿಕ್ಕಿತು. ಆಟೋರಿಮೂವ್ ಹಳೆಯ ಸಿನಾಪ್ಟಿಕ್ಸ್ ಡ್ರೈವರನ್ನು ತೆಗೆದಿದೆ. ವಾರ್ ಫೋಲ್ಡರಿನೊಳಗಿನ ಆಪ್ಟ್ (ಪ್ಯಾಕೇಜು ನಿರ್ವಹಿಸುವ ಸಾಧನ) ಹಿಸ್ಟರಿ ಲಾಗ್‌ನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಆದರೆ ಇಟಿಸಿ ಫೋಲ್ಡರಿನ ಎಕ್ಸ್11 ಒಳಗಿರುವ ಎಕ್ಸ್‌ಆರ್ಗ್.ಕಾನ್ಫ್.ಡಿಯಲ್ಲಿ ಯಾರೋ ಹಿಂದೆ ಕೈಯಿಂದ ಬರೆದಿಟ್ಟ ಕಡತ ಹಾಗೆಯೇ ಉಳಿದಿರಬೇಕು, ಏಕೆಂದರೆ ಪ್ಯಾಕೇಜಿಗೆ ಸೇರದ ಕಡತವನ್ನು ಆಪ್ಟ್ ಮುಟ್ಟುವುದಿಲ್ಲ. ಯುಎಸ್‌ಆರ್ ಫೋಲ್ಡರಿನ ಶೇರ್‌ನಲ್ಲಿರುವ 40-ಲಿಬ್‌ಇನ್‌ಪುಟ್ ಕಡತವು ಟಚ್‌ಪ್ಯಾಡನ್ನು ಲಿಬ್‌ಇನ್‌ಪುಟ್‌ಗೆ ಒಪ್ಪಿಸಿದರೂ, ಇಟಿಸಿಯ ಮಾತೇ ಮೇಲುಗೈ ಪಡೆಯುವುದರಿಂದ, ಎಕ್ಸ್‌ಆರ್ಗ್ ಇಲ್ಲದ ಡ್ರೈವರನ್ನೇ ಹುಡುಕಿ ಸುಮ್ಮನಾಗುತ್ತದೆ. ಆ ಕಡತವನ್ನು ಅಳಿಸದೆ ಬೇರೆಡೆಗೆ ಸರಿಸಿ, ಲಾಗ್‌ಔಟ್ ಮಾಡಿ ಮತ್ತೆ ಒಳಬನ್ನಿ.

ಸಿನಾಪ್ಟಿಕ್ಸನ್ನು ಮತ್ತೆ ಹಾಕಿಕೊಂಡರೂ ಟಚ್‌ಪ್ಯಾಡ್ ಓಡೀತು, ಆದರೆ ನಾನದನ್ನು ಸೂಚಿಸಲಾರೆ. ಗ್ನೋಮ್ 2016ರ 3.20 ಆವೃತ್ತಿಯಲ್ಲೇ ಆ ಡ್ರೈವರಿನ ಬೆಂಬಲವನ್ನು ಕೈಬಿಟ್ಟಿರುವುದರಿಂದ ಸೆಟ್ಟಿಂಗ್ಸ್ ಪುಟ ನಿಮ್ಮ ಕೈಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು

50-ಟಚ್‌ಪ್ಯಾಡ್ ಎಂಬ ಕಡತ ಅಲ್ಲೇ ಇತ್ತು. ಸರಿಸಿದ ಮೇಲೆ ಪಾಯಿಂಟರ್ ಓಡುತ್ತಿದೆ, ಸೆಟ್ಟಿಂಗ್ಸ್ ಭಾಗವೂ ಬಂದಿದೆ. ಆದರೆ ಬೆರಳಿನಿಂದ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲ, ವೃತ್ತಾಕಾರವಾಗಿ ಬೆರಳಾಡಿಸಿ ಸ್ಕ್ರೋಲ್ ಮಾಡುವುದೂ ಆಗುತ್ತಿಲ್ಲ.

ಉತ್ತರ 3

ಟಚ್‌ಪ್ಯಾಡಿಗೆ ಪ್ರತ್ಯೇಕ ಗುಂಡಿಗಳಿದ್ದರೆ ಲಿಬ್‌ಇನ್‌ಪುಟ್ ತಟ್ಟುವಿಕೆಯನ್ನು ಮೊದಲಿಗೆ ಆಫ್ ಆಗಿಯೇ ಇಡುತ್ತದೆ. ಈಗ ಕಾಣಿಸುತ್ತಿರುವ ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಪ್ ಟು ಕ್ಲಿಕ್’ ಆನ್ ಮಾಡಿ. ವೃತ್ತಾಕಾರದ ಸ್ಕ್ರೋಲ್ ಸಿನಾಪ್ಟಿಕ್ಸ್‌ನ ಸೌಲಭ್ಯ, ಲಿಬ್‌ಇನ್‌ಪುಟ್‌ನಲ್ಲಿ ಅದಿಲ್ಲ. ಎರಡು ಬೆರಳಿನ ಸ್ಕ್ರೋಲ್ ಅಥವಾ ಅಂಚಿನ ಸ್ಕ್ರೋಲ್, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಲಾಗಿನ್ ಪರದೆಯಲ್ಲೂ ಟಚ್‌ಪ್ಯಾಡ್ ಓಡದವರ ಕಥೆ ಬೇರೆ. ಅಂಥವರು ಬೂಟ್ ಮೆನುವಾದ ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಿಂದ ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡಲಿ. ಅದರಲ್ಲಿ ಸರಿಯಿದ್ದರೆ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಪಿಎಸ್‌ಮೌಸ್ ಡ್ರೈವರ್ ಕುರಿತ ಸಾಲುಗಳನ್ನು ತೆಗೆದು ಪ್ರತ್ಯೇಕ ಪ್ರಶ್ನೆಯಾಗಿ ಕೇಳುವುದು ಒಳ್ಳೆಯದು.