ಕನೆಕ್ಷನ್ ಮುಚ್ಚಿದೆ, ಆಬ್ಜೆಕ್ಟ್ ಸಾಯುತ್ತಿಲ್ಲ. ಎಣಿಕೆ 1ರಲ್ಲೇ ನಿಂತಿದೆ

ವಾಕಡ್‌ವಾಸಿ, ಪುಣೆ

ನಮಸ್ಕಾರ್ರಿ. ಊರು ಧಾರವಾಡ, ಕೆಲಸ ಹಿಂಜವಡಿಯಲ್ಲಿ. ನಾಲ್ಕು ದಿನದಿಂದ ಒಂದೇ ಬಗ್ಗಿನ, ಅಂದರೆ ಪ್ರೋಗ್ರಾಂ ದೋಷದ, ಬೆನ್ನು ಹತ್ತಿದ್ದೇನೆ.

ಚಾಕಣದ ಒಂದು ಕಾರ್ಖಾನೆಯ 40 ಮಷೀನುಗಳು ನಮ್ಮ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗೆ ಡೇಟಾ ಕಳಿಸುತ್ತವೆ. ಪ್ರತಿ ಮಷೀನಿಗೂ ಒಂದು ಕನೆಕ್ಷನ್ ಆಬ್ಜೆಕ್ಟ್, ಅದರೊಳಗೇ ಬಂದ ಡೇಟಾ ಇಡಲು 64 ಕೆಬಿ ಬಫರ್. ಎಲ್ಲಾ ಶೇರ್ಡ್ ಪಾಯಿಂಟರ್ (ಆಬ್ಜೆಕ್ಟನ್ನು ಎಷ್ಟು ಕಡೆ ಹಿಡಿದಿದ್ದಾರೆ ಅಂತ ಎಣಿಸಿ, ಸೊನ್ನೆಯಾದಾಗ ತಾನೇ ಅಳಿಸುವಂಥದ್ದು), ಎಲ್ಲೂ ಕೈಯಾರೆ ಡಿಲೀಟ್ ಇಲ್ಲ. ಶೆಡ್ಡಿನ ವೈಫೈ ಹತ್ತು ನಿಮಿಷಕ್ಕೊಮ್ಮೆ ಬೀಳುತ್ತದೆ, ಮಷೀನು ಹೊಸದಾಗಿ ಕನೆಕ್ಟ್ ಆಗುತ್ತದೆ. ಪ್ರೋಗ್ರಾಂ ತಿನ್ನುವ ಮೆಮೊರಿ ಸೋಮವಾರ 90 ಎಂಬಿ ಇದ್ದದ್ದು ಗುರುವಾರ ಹತ್ತಿರ ಹತ್ತಿರ 1.2 ಜಿಬಿ.

ಡಿಸ್ಟ್ರಕ್ಟರಿನಲ್ಲಿ (ಆಬ್ಜೆಕ್ಟ್ ಸಾಯುವಾಗ ಓಡುವ ಕೋಡ್) ಒಂದು ಪ್ರಿಂಟ್ ಹಾಕಿದೆ. ಒಂದು ಸಲವೂ ಬರಲಿಲ್ಲ! ಆಮೇಲೆ ಪ್ರತಿ ಕನೆಕ್ಷನ್ನಿಗೂ ಒಂದು ವೀಕ್ ಪಾಯಿಂಟರ್ (ಎಣಿಕೆ ಏರಿಸದೆ ಬರೀ ನೋಡುವಂಥದ್ದು) ಮಾಡಿ ಒಂದು ಲಿಸ್ಟಿಗೆ ಹಾಕಿ ಎಣಿಕೆ ನೋಡಿದೆ. ಕನೆಕ್ಷನ್ನುಗಳನ್ನು ಇಟ್ಟುಕೊಳ್ಳುವ ಮ್ಯಾಪಿನಿಂದ ತೆಗೆದ ಮೇಲೂ 1. ಆ ಒಂದನ್ನು ಹಿಡಿದುಕೊಂಡು ಕೂತವರು ಯಾರು? ಮೆಮೊರಿ ಸೋರಿಕೆ ಹುಡುಕುವ ವ್ಯಾಲ್‌ಗ್ರಿಂಡ್ ಹಾಕಿದರೆ ಪ್ರೋಗ್ರಾಂ ಎತ್ತಿನ ಗಾಡಿ ಆಗುತ್ತದೆ, ಕೊನೆಗೆ ಕಿಲ್ ಮೈನಸ್ ನೈನ್ (ಬಲವಂತವಾಗಿ ಕೊಲ್ಲುವ ಆಜ್ಞೆ) ಕೊಟ್ಟು ನಿಲ್ಲಿಸುತ್ತೇನೆ, ವರದಿಯೇ ಸಿಗಲಿಲ್ಲ. ಮ್ಯಾನೇಜರ್ ಅಂತೂ "ರಾತ್ರಿ ಮೂರಕ್ಕೆ ರೀಸ್ಟಾರ್ಟ್ ಹಾಕು, ಮುಗೀತು" ಅಂತಾರೆ. ನನಗೆ ನಿದ್ದೆ ಬರ್ತಿಲ್ಲ.

ಮಾಟುಂಗಾ ಮಾವ, ಮುಂಬೈ

ಲೆಕ್ಕ ಸರಿಯಾಗಿಯೇ ಇದೆ ತಮ್ಮಾ. 40 ಮಷೀನು, ಗಂಟೆಗೆ ಆರು ಸಲ, ದಿನಕ್ಕೆ 5,760 ಕನೆಕ್ಷನ್. ಒಂದಕ್ಕೆ 64 ಕೆಬಿ ಅಂದರೆ ದಿನಕ್ಕೆ 360 ಎಂಬಿ. ಮೂರು ದಿನಕ್ಕೆ ನಿಮ್ಮ 1.2 ಜಿಬಿ ಬಂತಲ್ಲ. ಅಂದರೆ ಅಲ್ಲೊಂದು ಇಲ್ಲೊಂದು ಸೋರುತ್ತಿಲ್ಲ, ಒಂದೂ ಸಾಯುತ್ತಿಲ್ಲ.

ಕಿಲ್ ಮೈನಸ್ ನೈನ್ ಕೊಟ್ಟರೆ ವ್ಯಾಲ್‌ಗ್ರಿಂಡ್ ಬಾಯಿ ಬಿಡಲ್ಲ. ಪೂರ್ತಿ ವರದಿ ಅದು ಕೊಡುವುದು ಪ್ರೋಗ್ರಾಂ ಮುಗಿಯುವಾಗ, ಈ ಏಟು ಅದಕ್ಕೆ ಅವಕಾಶವನ್ನೇ ಕೊಡಲ್ಲ. ಅದು ಹಾಗಿರಲಿ, ಕನೆಕ್ಷನ್ನಿನೊಳಗೆ ಟೈಮರ್ ಇದೆಯಾ? ಅದರ ಕಾಲ್‌ಬ್ಯಾಕ್, ಅಂದರೆ ಹೊತ್ತಾದಾಗ ಅದು ಕರೆಯುವ ಕೋಡ್, ಹೇಗೆ ಬರೆದಿದ್ದೀರಿ?

ವಾಕಡ್‌ವಾಸಿ

ಇದೆ ಸರ್. 30 ಸೆಕೆಂಡಿಗೊಮ್ಮೆ "ಇದ್ದೀಯಾ?" ಅಂತ ಕೇಳುವ ಟೈಮರ್. ಕನೆಕ್ಷನ್ನಿನ ಮೆಂಬರ್. ಕಾಲ್‌ಬ್ಯಾಕ್ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್). ಅದರಲ್ಲಿ ಶೇರ್ಡ್ ಫ್ರಮ್ ದಿಸ್, ಅಂದರೆ ಕನೆಕ್ಷನ್ನಿಗೇ ಇನ್ನೊಂದು ಶೇರ್ಡ್ ಪಾಯಿಂಟರ್, ತೆಗೆದುಕೊಂಡು "ಸೆಲ್ಫ್" ಅಂತ ಕ್ಯಾಪ್ಚರ್ ಮಾಡಿ ಒಳಗೆ ಇಟ್ಟಿದ್ದೇನೆ. ಮುಚ್ಚುವಾಗ ಟೈಮರ್ ನಿಲ್ಲಿಸುತ್ತೇನೆ.

ಮಾಟುಂಗಾ ಮಾವ, ಮುಂಬೈ

ಸಿಕ್ಕಿತು ನೋಡಿ. ಟೈಮರ್ ನಿಲ್ಲುತ್ತದೆ, ಲ್ಯಾಂಬ್ಡಾ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಕನೆಕ್ಷನ್ ಟೈಮರನ್ನು ಹಿಡಿದಿದೆ, ಟೈಮರ್ ಲ್ಯಾಂಬ್ಡಾವನ್ನು, ಲ್ಯಾಂಬ್ಡಾ ಮತ್ತೆ ಕನೆಕ್ಷನ್ನನ್ನು. ಎಣಿಕೆಯ ಆ ಒಂದು, ಸ್ವತಃ ಅದೇ.

ನಾವು ಹುಡುಗರಾಗಿದ್ದಾಗ ಮಾಟುಂಗಾದಲ್ಲಿ ಒಂದು ರೂಮಿನಲ್ಲಿ ಐದು ಜನ ಇದ್ದೆವು. ಕೊನೆಗೆ ಹೊರಡುವವನು ಬೀಗ ಹಾಕಿ ಕೆಳಗಿನ ಹೋಟೆಲಿನ ಗಲ್ಲಾದಲ್ಲಿ ಕೀ ಕೊಡಬೇಕು. ಇಬ್ಬರು "ನೀನು ಹೊರಡು, ಆಮೇಲೆ ನಾನು" ಅಂತ ಕೂತರೆ ಬೀಗ ಬೀಳುವುದೇ ಇಲ್ಲ. ನಿಮ್ಮಲ್ಲಿ ಒಬ್ಬನೇ ಕನ್ನಡಿ ನೋಡಿಕೊಂಡು ಹಾಗೆ ಹೇಳುತ್ತಿದ್ದಾನೆ.

ಲ್ಯಾಂಬ್ಡಾಕ್ಕೆ ವೀಕ್ ಪಾಯಿಂಟರ್ ಕೊಡಿ. ಒಳಗೆ ಹೋದ ತಕ್ಷಣ ಲಾಕ್ ಮಾಡಿ (ಆಬ್ಜೆಕ್ಟ್ ಇನ್ನೂ ಇದ್ದರೆ ಶೇರ್ಡ್ ಪಾಯಿಂಟರ್ ಸಿಗುತ್ತದೆ), ಖಾಲಿ ಬಂದರೆ ವಾಪಸ್. ಮೊದಲು ಎಕ್ಸ್‌ಪೈರ್ಡ್ (ಸತ್ತಿದೆಯಾ) ಅಂತ ಕೇಳಿ ಆಮೇಲೆ ಲಾಕ್ ಮಾಡುವ ಅಭ್ಯಾಸ ಬೇಡ. ಆ ಎರಡರ ನಡುವೆ ಇನ್ನೊಂದು ಥ್ರೆಡ್ ಕೊನೆಯ ಹಿಡಿತ ಬಿಟ್ಟಿರಬಹುದು. ಬರೀ ದಿಸ್, ಅಂದರೆ ಎಣಿಕೆಗೆ ಸೇರದ ಆಬ್ಜೆಕ್ಟಿನ ವಿಳಾಸ, ಕ್ಯಾಪ್ಚರ್ ಮಾಡಿದರೂ ಎಣಿಕೆ ಇಳಿಯುತ್ತದೆ ನಿಜ, ಆದರೆ ಆಬ್ಜೆಕ್ಟ್ ಹೋದ ಮೇಲೆ ಕಾಲ್‌ಬ್ಯಾಕ್ ಓಡಿದರೆ ಕಥೆ ಮುಗೀತು.

ಮುಚ್ಚುವಾಗ ಕಾಲ್‌ಬ್ಯಾಕನ್ನೇ ಖಾಲಿ ಮಾಡುವ ದಾರಿಯೂ ಇದೆ. ನನಗೆ ಇಷ್ಟ ಇಲ್ಲ. ಆ ಕಾಲ್‌ಬ್ಯಾಕಿನೊಳಗಿಂದಲೇ ಮುಚ್ಚಿದಿರಿ ಅನ್ನಿ, ಓಡುತ್ತಿರುವ ಲ್ಯಾಂಬ್ಡಾವನ್ನೇ ಅಳಿಸಿದ ಹಾಗೆ. ಕೂತ ಕೊಂಬೆ ಕಡಿಯೋದು.

ಫೋಂಡಾದವಳು, ಗೋವಾ

ನಾನು ಪೈಥಾನ್ ಕಡೆಯವಳು. ನಮ್ಮಲ್ಲೂ ಸಿ ಪೈಥಾನ್ (ಪೈಥಾನಿನ ಮುಖ್ಯ ಆವೃತ್ತಿ) ಒಳಗೆ ಇದೇ ಎಣಿಕೆ. ಹೀಗೆ ಒಂದನ್ನೊಂದು ಹಿಡಿದು ಸುತ್ತು ಬಿದ್ದದ್ದನ್ನು ಗುಡಿಸಲು ಬೇರೆ ಕಸ ಸಂಗ್ರಾಹಕ ಇದೆ, ಸಿ ಪ್ಲಸ್ ಪ್ಲಸ್ಸಿನಲ್ಲಿ ಆ ಗುಡಿಸುವವರು ಇಲ್ಲ. ಈ ರೋಗ ಹೊಸದಲ್ಲ. ಕಾಲಿನ್ಸ್ ಈ ಎಣಿಕೆಯ ವಿಧಾನವನ್ನು ಬರೆದದ್ದು 1960ರಲ್ಲಿ, ಸುತ್ತು ಬಿದ್ದರೆ ಸೊನ್ನೆ ಆಗುವುದೇ ಇಲ್ಲ ಅಂತ ಮೆಕ್‌ಬೆತ್ ತೋರಿಸಿದ್ದು 1963ರಲ್ಲಿ. ನಾವು ಈಗಲೂ ಅದೇ ಗುಂಡಿಗೆ ಬೀಳ್ತಿದ್ದೇವೆ ಅಲ್ವಾ!

ವಾಕಡ್‌ವಾಸಿ

ಲ್ಯಾಂಬ್ಡಾಕ್ಕೆ ವೀಕ್ ಪಾಯಿಂಟರ್ ಕೊಟ್ಟೆ, ಡಿಸ್ಟ್ರಕ್ಟರ್ ಮಾತಾಡಿತು! ವೈಫೈ ಬಿದ್ದಾಗೆಲ್ಲ ಪ್ರಿಂಟ್ ಬರುತ್ತಿದೆ. ಶುಕ್ರವಾರ ಸಂಜೆ ಖುಷಿಯಲ್ಲಿ ಮಿಸಳ್ ತಿಂದು ಮಲಗಿದೆ.

ಶನಿವಾರ ನೋಡಿದರೆ ಮೆಮೊರಿ ಮತ್ತೆ ಏರಿದೆ. ಅದೇ ವೇಗದಲ್ಲಿ. ಆಬ್ಜೆಕ್ಟ್ ಸತ್ತಿದೆ ಅಂತ ಪ್ರಿಂಟ್ ಹೇಳುತ್ತದೆ, ಜಾಗ ಮಾತ್ರ ಬಿಟ್ಟಿಲ್ಲ. ನನಗೇ ಹುಚ್ಚು ಹಿಡಿದಿದೆಯಾ?

ಮಾಟುಂಗಾ ಮಾವ, ಮುಂಬೈ

ಹುಚ್ಚು ಹಿಡಿದಿಲ್ಲ. ಆಬ್ಜೆಕ್ಟನ್ನು ಮೇಕ್ ಶೇರ್ಡ್‌ನಿಂದ ಮಾಡಿದ್ದೀರಿ, ಹೌದಾ? ಹಾಗಾದರೆ ಎಣಿಕೆ ಇಡುವ ಡಬ್ಬಿ ಮತ್ತು ಆಬ್ಜೆಕ್ಟ್ ಎರಡೂ ಒಂದೇ ತುಂಡು ಮೆಮೊರಿಯಲ್ಲಿ ಇರುತ್ತವೆ. ಡಬ್ಬಿಯಲ್ಲಿ ಎಣಿಕೆ ಎರಡು. ಗಟ್ಟಿ ಹಿಡಿತದ್ದು ಸೊನ್ನೆಯಾದರೆ ಡಿಸ್ಟ್ರಕ್ಟರ್ ಓಡುತ್ತದೆ. ಆದರೆ ಒಂದು ವೀಕ್ ಪಾಯಿಂಟರ್ ಉಳಿದಿದ್ದರೂ ಡಬ್ಬಿ ಇರಲೇಬೇಕು. ಡಬ್ಬಿ ಇದ್ದರೆ ಪೂರ್ತಿ ತುಂಡು ಇರಬೇಕು, ಒಳಗಿನ 64 ಕೆಬಿ ಸಮೇತ.

ಈಗ ಹೇಳಿ, ಮೊದಲ ದಿನ ಎಣಿಕೆ ನೋಡಲು ಒಂದು ವೀಕ್ ಪಾಯಿಂಟರ್ ಲಿಸ್ಟ್ ಮಾಡಿದ್ದಿರಲ್ಲ, ಅದನ್ನು ತೆಗೆದಿರಾ?

ವಾಕಡ್‌ವಾಸಿ

ಇಲ್ಲ.

ಅಯ್ಯೋ ದೇವರೇ. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರನೇ ಮನೆ ಖಾಲಿ ಮಾಡಲು ಬಿಡುತ್ತಿಲ್ಲ.

ಲಿಸ್ಟ್ ಕಿತ್ತು ಹಾಕಿದೆ. ಬಫರನ್ನೂ ಆಬ್ಜೆಕ್ಟಿನ ಹೊಟ್ಟೆಯಿಂದ ತೆಗೆದು, ಬೇರೆ ಜಾಗದಲ್ಲಿ ಡೇಟಾ ಇಡುವ ವೆಕ್ಟರ್ ಮಾಡಿದೆ. ಮುಂದೆ ಯಾರಾದರೂ ಮರೆತು ವೀಕ್ ಪಾಯಿಂಟರ್ ಇಟ್ಟುಕೊಂಡರೂ, ಡಿಸ್ಟ್ರಕ್ಟರ್ ಓಡಿದಾಗ 64 ಕೆಬಿ ಹೋಗುತ್ತದೆ, ಉಳಿದರೆ ಚಿಲ್ಲರೆ ಬೈಟುಗಳು. ಇವತ್ತು ಬುಧವಾರ, ನಾಲ್ಕನೇ ದಿನ, 92 ಎಂಬಿಯಲ್ಲಿ ನಿಂತಿದೆ. ಮ್ಯಾನೇಜರ್ ಹಾಕಿಸಿದ್ದ ರೀಸ್ಟಾರ್ಟ್ ಸಾಲಿನ ಮುಂದೆ, ಅದು ಓಡದ ಹಾಗೆ, ಒಂದು ಹ್ಯಾಶ್ ಹಾಕಿದ್ದೇನೆ. ಅಳಿಸಲು ಇನ್ನೂ ಧೈರ್ಯ ಬಂದಿಲ್ಲ.