ಪ್ರಾಗ್‌ನ ವೆನ್ಸೆಸ್ಲಾಸ್ ಚೌಕ: ಅಪ್ಪ ಅಮ್ಮನಿಗೆ ಹೇಗೆ ತೋರಿಸಲಿ?

ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಎರಡು ದಿನ ಪ್ರಾಗ್‌ನಲ್ಲಿರ್ತೀವಿ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಅಲ್ಲಿ ಜನ ಸೇರಿದ್ದನ್ನು ಪೇಪರಿನಲ್ಲಿ ಓದಿದ್ದು ಅವರಿಗೆ ಇನ್ನೂ ನೆನಪಿದೆ. ಕೋಟೆ, ಸೇತುವೆ ಎಲ್ಲ ಆಮೇಲೆ, ಮೊದಲು ಆ ಚೌಕ ಅಂತಿದ್ದಾರೆ. ಅಮ್ಮನಿಗೆ ಮಂಡಿನೋವು. ಅರ್ಧ ದಿನ ಸಾಕಾ? ಹೋಗಿಬಂದವರು ಹೇಳಿ.

*ಬ್ರನೋದಲ್ಲಿರುವ ಒಬ್ಬರು:*
ಅರ್ಧ ದಿನ ಧಾರಾಳ. ಆದರೆ ಅಪ್ಪನಿಗೆ ಮೊದಲೇ ಹೇಳಿಡಿ, ಹೆಸರಿಗಷ್ಟೇ ಚೌಕ ಅದು. ಸುಮಾರು 750 ಮೀಟರ್ ಉದ್ದದ, ಇಳಿಜಾರಾದ ಅಗಲ ರಸ್ತೆ, ಎರಡೂ ಕಡೆ ಹೋಟೆಲು, ಬಟ್ಟೆ ಅಂಗಡಿ. 14ನೇ ಶತಮಾನದಲ್ಲಿ ಕುದುರೆ ಸಂತೆಗೆಂದು ಬಿಟ್ಟ ಜಾಗ. ನಾನು ಮೊದಲ ಸಲ ಹೋದಾಗ ‘ಇಷ್ಟೇನಾ’ ಅನ್ನಿಸಿತ್ತು.

ತಪ್ಪು ನನ್ನದೇ, ಕೆಳಗಿನಿಂದ ಹತ್ತಿದ್ದೆ. ನೀವು ಮೆಟ್ರೋದಲ್ಲಿ ‘ಮುಜೇಉಮ್’ ಸ್ಟೇಷನ್ನಿನಲ್ಲಿ ಇಳಿದು ಮೇಲಿನಿಂದ ಕೆಳಕ್ಕೆ ಬನ್ನಿ. ಅಮ್ಮನಿಗೆ ಏರು ಹತ್ತೋದೂ ತಪ್ಪುತ್ತೆ, ಕತೆಯೂ ವರ್ಷದ ಕ್ರಮದಲ್ಲೇ ಸಿಗುತ್ತೆ. ಮೊದಲು ರಾಷ್ಟ್ರೀಯ ಮ್ಯೂಸಿಯಂನ ಕಂಬಗಳನ್ನು ಹತ್ತಿರದಿಂದ ನೋಡಿ. 1968ರ ಆಗಸ್ಟ್‌ನಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಮೇಲೆ ದಂಡೆತ್ತಿ ಬಂದ ಸೋವಿಯತ್ ಸೈನಿಕರು ಹಾರಿಸಿದ ಗುಂಡಿನ ಗುರುತುಗಳಿವೆ. ದೊಡ್ಡ ದುರಸ್ತಿ ಮಾಡಿದಾಗಲೂ ಅವನ್ನು ಬೇಕಂತಲೇ ಉಳಿಸಿಕೊಂಡಿದ್ದಾರೆ. ಅದರ ಮುಂದೆಯೇ ನೆಲದಲ್ಲಿ ಕಂಚಿನ ಶಿಲುಬೆ, ನೆಲವೇ ಉಬ್ಬಿ ಬಂದ ಹಾಗೆ. ಗೊತ್ತಿಲ್ಲದವರು ಅದರ ಮೇಲೇ ನಡೆದುಹೋಗ್ತಾರೆ. ಯಾನ್ ಪಾಲಖ್ ಅನ್ನೋ ಇಪ್ಪತ್ತು ವರ್ಷದ ವಿದ್ಯಾರ್ಥಿ 1969ರ ಜನವರಿ 16ರಂದು ಅಲ್ಲಿ ಬೆಂಕಿ ಹಚ್ಚಿಕೊಂಡ. ಮೂರು ದಿನಕ್ಕೆ ತೀರಿಕೊಂಡ. ದೇಶ ಆಕ್ರಮಣಕ್ಕೆ ಒಗ್ಗಿಹೋಗ್ತಿದೆ ಅನ್ನೋದೇ ಅವನ ಸಂಕಟ. ಫೆಬ್ರವರಿ 25ಕ್ಕೆ ಯಾನ್ ಜಾಯಿತ್ಸ್ ಅನ್ನೋ ಇನ್ನೊಬ್ಬ ಹುಡುಗ, ಇದೇ ಬೀದಿಯ ಒಂದು ಕಟ್ಟಡದೊಳಗೆ. ಇಲ್ಲಿ ಫೋಟೋಗೆ ಪೋಸ್ ಕೊಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ, ಇರಲಿ.

*ಬೆಂಗಳೂರಿನಿಂದ:*
ನಾವು ಮಾವನವರ ಜೊತೆ ಹೋಗಿದ್ವಿ. ಅಲ್ಲಿನವರ ರಕ್ಷಕ ಸಂತ ವೆನ್ಸೆಸ್ಲಾಸ್ ಕುದುರೆಯೇರಿ ಕೂತಿರೋ ಪ್ರತಿಮೆ ದಾಟಿ ಸ್ವಲ್ಪ ಕೆಳಗೆ ಬಂದರೆ ಮೆಲಾಂಟ್ರಿಕ್ ಕಟ್ಟಡ, ಅದರ ಬಾಲ್ಕನಿ ತಪ್ಪಿಸಬೇಡಿ. 1989ರ ನವೆಂಬರ್ 24ರಂದು ಮುಂದೆ ಅಧ್ಯಕ್ಷರಾದ ನಾಟಕಕಾರ ಹಾವೆಲ್, 1968ರ ಸುಧಾರಣೆಗಳ ನಾಯಕ ದುಬ್ಚೆಕ್ ಇಬ್ಬರೂ ಅಲ್ಲಿಂದಲೇ ಜನರ ಮುಂದೆ ಬಂದಿದ್ದು. ಕಮ್ಯುನಿಸ್ಟ್ ಪಕ್ಷದ ನಾಯಕತ್ವ ಅವತ್ತೇ ರಾಜೀನಾಮೆ ಕೊಟ್ಟಿತು. ಆ ದಿನಗಳಲ್ಲಿ ಜನ ಬೀಗದ ಕೈ ಗೊಂಚಲು ಎತ್ತಿ ಅಲ್ಲಾಡಿಸ್ತಿದ್ದರಂತೆ, ‘ಗಂಟೆ ಆಯ್ತು, ಎದ್ದು ಹೊರಡಿ’ ಅನ್ನೋ ಹಾಗೆ. ಈಗ ಕೆಳಗೆ ಬಟ್ಟೆ ಅಂಗಡಿ. ಮಾವ ಎದುರಿನ ಬೆಂಚಿನಲ್ಲಿ ಕೂತು ಇಪ್ಪತ್ತು ನಿಮಿಷ ಮೇಲೇ ನೋಡ್ತಿದ್ದರು, ನಾವು ಐಸ್‌ಕ್ರೀಂ ತಿಂದು ಬಂದ್ವಿ.

ದುಡ್ಡಿನ ವಿಷಯ ಹುಷಾರು. ‘ಕಮಿಷನ್ ಸೊನ್ನೆ’ ಅನ್ನೋ ಬೋರ್ಡ್ ನಂಬಿ ಒಂದು ಕಡೆ ಯೂರೋ ಬದಲಾಯಿಸಿ ಚೆನ್ನಾಗಿ ಟೋಪಿ ಹಾಕಿಸಿಕೊಂಡ್ವಿ. ಸಾವಿರ ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು ಅಂತ ಅಲ್ಲಿನ ಕಾನೂನಿದೆಯಂತೆ. ನಮಗೆ ಗೊತ್ತಾಗಿದ್ದು ರಾತ್ರಿ. ರಸೀದಿ ಇಟ್ಟುಕೊಳ್ಳಿ.

*ಮ್ಯೂನಿಕ್‌ನಿಂದ:*
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. 89ರ ಕತೆ ಶುರುವಾಗಿದ್ದು ಚೌಕದಲ್ಲಲ್ಲ, ನಾರೋದ್ನಿ ಬೀದಿಯಲ್ಲಿ. ನವೆಂಬರ್ 17ರಂದು ಚೌಕದ ಕಡೆ ಹೊರಟಿದ್ದ ವಿದ್ಯಾರ್ಥಿಗಳನ್ನು ಪೊಲೀಸರು ಅಲ್ಲೇ ಅಡ್ಡಗಟ್ಟಿ ಹೊಡೆದರು. ಒಂದು ಕಮಾನಿನ ಒಳಗೆ ಗೋಡೆಯ ಮೇಲೆ ಕಂಚಿನ ಕೈಗಳಿವೆ, ಅಷ್ಟೇ ಸ್ಮಾರಕ. ನನಗಂತೂ ಇಡೀ ಚೌಕಕ್ಕಿಂತ ಆ ಕೈಗಳೇ ಮನಸ್ಸಿನಲ್ಲಿ ಉಳಿದವು. ಚೌಕದ ತುದಿಯಿಂದ ಹತ್ತು ನಿಮಿಷದ ದಾರಿ.

ಮಳೆ ಬಂದರೆ ಪಕ್ಕದ ಲುತ್ಸೆರ್ನಾ ಪಸಾಜ್ ಅನ್ನೋ ಸೂರಿರುವ ಅಂಗಡಿ ಸಾಲಿಗೆ ನುಗ್ಗಿ. ಹಾವೆಲ್ ಅವರ ತಾತ ಕಟ್ಟಿಸಿದ್ದು. ಒಳಗೆ ಸತ್ತ ಕುದುರೆಯ ಪ್ರತಿಮೆ ತಲೆಕೆಳಗಾಗಿ ನೇತಾಡ್ತಿದೆ, ಅದರ ಹೊಟ್ಟೆಯ ಮೇಲೆ ವೆನ್ಸೆಸ್ಲಾಸ್! ಹೊರಗಿನ ಪ್ರತಿಮೆ ನೋಡಿದ ಮೇಲೆ ಇದನ್ನು ನೋಡಿ, ಆಗಲೇ ನಗು. ಮೆಟ್ರೋ ಟಿಕೆಟ್‌ಗೆ ಹಳದಿ ಮೆಷಿನ್ನಿನಲ್ಲಿ ಮುದ್ರೆ ಹಾಕಿಸೋದು ಮರೀಬೇಡಿ, ದಂಡ ಜೋರು. ಸಸ್ಯಾಹಾರಿಗಳಾದರೆ ‘ಸ್ಮಜೆನಿ ಸೀರ್’ ಕೇಳಿ, ಕರಿದ ಚೀಸ್.

*ಕೇಳಿದವರು:*
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಮನೆ ಬೀಗದ ಗೊಂಚಲು ತಗೊಂಡೇ ಬರ್ತಾರಂತೆ. ಅದನ್ನು ಪಕ್ಕದ ಮನೆಯವರ ಹತ್ತಿರ ಕೊಟ್ಟು ಹೋಗದಿದ್ದರೆ ಗಿಡಕ್ಕೆ ನೀರು ಹಾಕೋರ್ಯಾರು ಅಂತ ಅಮ್ಮ ಕೇಳ್ತಿದ್ದಾರೆ.